ಹಿಂದುಮುಂದಾಗಿ ಹೋದ ದೋಣಿ

ಹಡಗನ್ನು ಚಿತ್ರದಲ್ಲಿ ಮಾತ್ರ ನೋಡಿದವನು ನೀರಿನ ತಡೆಯ ಬಗ್ಗೆ ಕಥೆ ಹೇಳಲು ಹೊರಡುವುದು ಅಧಿಕಪ್ರಸಂಗವೇ ಸರಿ. ಕಲಿತದ್ದು ಸಂಜೆ ತರಗತಿಯಲ್ಲಿ, ಅದೂ ಹಗಲೆಲ್ಲ ದುಡಿದು ಬಂದು ತೂಕಡಿಸುತ್ತ. ಎಲ್ಲಾದರೂ ತಪ್ಪಿದ್ದರೆ ತಿಳಿದವರು ಕ್ಷಮಿಸಬೇಕು. ಭದ್ರಾ ಹೊಳೆಯಲ್ಲಿ ದೋಣಿ ದಾಟುವ ಒಂದು ಕಡವಿನಲ್ಲಿ ನಡೆದ ಈ ಸಂಗತಿಯನ್ನು ಬೇರೆ ಯಾರೂ ಹೇಳುವಂತೆ ಕಾಣದ್ದರಿಂದ, ಅಳುಕುತ್ತಲೇ ಶುರು ಮಾಡಿದ್ದೇನೆ.

ಓಂಕಾರಪ್ಪನಿಗೆ ಇಂಥ ಅಳುಕು ಇರಲಿಲ್ಲ. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಪ್ಯಾಟರ್ನ್ ಶಾಪಿನಲ್ಲಿ ಅವನದು ಒಳ್ಳೆಯ ಕೈ ಎಂದು ಹೆಸರಾಗಿತ್ತು. ಎರಕ ಹೊಯ್ಯಬೇಕಾದ ವಸ್ತುವನ್ನು ಅಲ್ಲಿ ಮೊದಲು ಮರದಲ್ಲಿ ಕೆತ್ತುತ್ತಾರೆ. ಆ ಮರವನ್ನು ಮರಳಿನಲ್ಲಿ ಒತ್ತಿ ಮೆಲ್ಲಗೆ ಮೇಲೆತ್ತಿದರೆ ಗುಳಿ ಉಳಿಯುತ್ತದೆ. ಗುಳಿಗೆ ಕಾದ ಕಬ್ಬಿಣ. ಮರ ಹೊರಗೆ ಬರುವಾಗ ಮರಳು ಕುಸಿಯಬಾರದು. ಅದಕ್ಕಾಗಿ ಮರಳಿಗೆ ಮೊದಲು ಇಳಿಯುವ ತುದಿ ಸಣ್ಣಗೆ, ಹಿಂದಿನದು ಅಗಲ, ಮೂಲೆಗಳೆಲ್ಲ ದುಂಡಗೆ ಇರಬೇಕು. ಹದಿನೈದು ವರ್ಷ ಇದನ್ನೇ ಮಾಡಿದ ಓಂಕಾರಪ್ಪನಿಗೆ ಲೋಕದಲ್ಲಿ ಒಳಗೆ ನುಗ್ಗಬೇಕಾದ ವಸ್ತುಗಳೆಲ್ಲ ಹೀಗೇ ಇರಬೇಕೆಂದು ಕಾಣುತ್ತಿತ್ತು.

ಅವನ ಊರು ಹೊಳೆಹೊನ್ನೂರಿನ ದಾರಿಯಲ್ಲಿ, ಭದ್ರೆಯ ಆಚೆ ದಡದಲ್ಲಿತ್ತು. ಅಲ್ಲಿಂದ ಕಾರ್ಖಾನೆಗೆ ಹೋಗುವವರೆಲ್ಲ ಬೆಳಗಿನ ಜಾವ ತುಂಗಮ್ಮನ ಹರಿಗೋಲಿನಲ್ಲಿ ಹೊಳೆ ದಾಟಬೇಕು. ಕಡವು ಮೊದಲು ತುಂಗಮ್ಮನ ಗಂಡ ಹೂವಪ್ಪನದಾಗಿತ್ತು. ಅವನು ತೀರಿಕೊಂಡ ಮೇಲೆ ಹುಟ್ಟು ಹಾಕುವ ಕೆಲಸ ಅವಳದಾಯಿತು. ಅಂಬಿಗರ ಹೆಣ್ಣುಮಗಳು, ಹೊಳೆಯ ಮೇಲೆ ಅವಳಿಗೆ ಮನೆಯಂಗಳದ ಸಲಿಗೆ ಇತ್ತು. ಆದರೆ ಹರಿಗೋಲು ಬುಟ್ಟಿಯ ಹಾಗೆ ದುಂಡಗಿನದು. ಮಳೆಗಾಲದ ಸೆಳವಿನಲ್ಲಿ ಅದು ಮುಂದೆ ಹೋಗುವುದಕ್ಕಿಂತ ಸುತ್ತು ಹಾಕುವುದೇ ಹೆಚ್ಚು. ಹೋದ ಆಷಾಢದಲ್ಲಿ ಹರಿಗೋಲು ಎಲ್ಲೋ ಕೆಳಗೆ ಹೋಗಿ ದಡ ಸೇರಿ, ಊರಿನ ಗಂಡಸರು ಗದ್ದೆಯ ಬದುಗಳ ಮೇಲೆ ಓಡಿಕೊಂಡು ಹೋದರೂ ಕಾರ್ಖಾನೆಯ ಗೇಟು ಮುಚ್ಚಿದ ಬೆಳಗುಗಳು ಬಹಳವಾದವು. ಮನೆಮನೆಯಲ್ಲಿ ಗೊಣಗಾಟ ಎದ್ದಿತು.

ಮೇಲಿನ ಕಡವಿನ ಚೌಡಪ್ಪ ಇದನ್ನು ಕೇಳಿಸಿಕೊಂಡ. ಅವನ ಹತ್ತಿರ ದೊಡ್ಡ ಹಲಗೆ ದೋಣಿ ಇತ್ತು, ಹುಟ್ಟು ಹಾಕಲು ನಾಲ್ಕು ಜನ ಗಟ್ಟಿ ಆಳುಗಳಿದ್ದರು. ಈ ಕಡವನ್ನೂ ತನಗೇ ಕೊಡಿ ಎಂದು ಪಂಚಾಯಿತಿಯ ಮುಂದೆ ಬಂದ. ಪಂಚಾಯಿತಿಯ ಮುಖ್ಯಸ್ಥ ಮುರುಗೇಶಪ್ಪನವರು ಯಾರ ಪರವಾಗಿಯೂ ಮಾತಾಡುವವರಲ್ಲ. ತುಂಗಮ್ಮನನ್ನೂ ಕರೆಸಿ, ಎಲ್ಲರ ಎದುರಿಗೆ ಹೇಳಿದರು: "ದೋಣಿ ಯಾರದಾದ್ರೂ ಆಗ್ಲಿ. ಆಷಾಢದ ನೀರಲ್ಲಿ, ಕಾರ್ಖಾನೆ ಸೈರನ್ ಮೊದಲನೇ ಕೂಗು ಹಾಕೋದ್ರೊಳಗೆ ನಮ್ಮೂರವರ ಕಾಲು ಆಚೆ ದಡದ ಮೇಲಿರಬೇಕು. ಯಾರು ಮುಟ್ಟಿಸ್ತಾರೋ ಕಡವು ಅವರದು."

ತುಂಗಮ್ಮ ಎದ್ದು ಹೊಳೆಯ ಕಡೆ ನಡೆದಳು. ಓಂಕಾರಪ್ಪ ಅವಳ ಹಿಂದೆಯೇ ಹೋದ. ಕಡವು ಅವಳ ಕೈ ಬಿಟ್ಟರೆ ಅವಳು ಈ ದಡದಲ್ಲಿ ಏನು ಮಾಡಿಯಾಳು ಎಂಬುದು ಅವನಿಗೆ ಗೊತ್ತಿತ್ತು. ಯಾರದಾದರೂ ಗದ್ದೆಯಲ್ಲಿ ಕಳೆ ಕೀಳಬೇಕು. ಹೊಳೆ ಬಿಟ್ಟು ಅವಳನ್ನು ಅವನು ಊಹಿಸಿಯೂ ಇರಲಿಲ್ಲ.

"ತುಂಗಕ್ಕ, ಕಡವು ಎಲ್ಲೂ ಹೋಗಲ್ಲ. ನಾನು ದೋಣಿ ಮಾಡಿಕೊಡ್ತೀನಿ."

"ನೀವು ಯಾವತ್ತಾದ್ರೂ ದೋಣಿ ಮಾಡಿದ್ದುಂಟಾ ಓಂಕಾರಪ್ಪೋರೆ?"

"ಪಂಪಿನ ರೆಕ್ಕೆ ಮಾಡಿದ್ದೀನಿ. ಅದೂ ನೀರಲ್ಲೇ ತಿರುಗೋದು."

"ತಿರುಗೋದು ನನ್ನ ಹರಿಗೋಲಿಗೂ ಬರ್ತದೆ ಮಾರಾಯ್ರೆ. ನಂಗೆ ನೆಟ್ಟಗೆ ಹೋಗೋದು ಬೇಕು."

ಹೂವಪ್ಪ ಬದುಕಿದ್ದಾಗ ಹೆಬ್ಬಲಸಿನ ಹಲಗೆಗಳನ್ನು ಕೊಯ್ಯಿಸಿ ಅಟ್ಟದ ಮೇಲೆ ಇಟ್ಟಿದ್ದ. ಅವುಗಳನ್ನು ಇಳಿಸಿ, ಓಂಕಾರಪ್ಪ ರಜಾದಿನಗಳಲ್ಲೂ ಶಿಫ್ಟು ಮುಗಿದ ಮೇಲೂ ಕೆಲಸ ಮಾಡಿದ. ದೋಣಿ ಅವನ ಕೈಯ ಅಭ್ಯಾಸದಂತೆಯೇ ಮೂಡಿತು. ಮುಂದೆ ಚಾಕುವಿನಂಥ ಮೂತಿ, ಹೋಗುತ್ತ ಹೋಗುತ್ತ ಅಗಲ, ಹಿಂದೆ ಅರ್ಧ ಕೊಡದ ಹಾಗೆ ದುಂಡಗಿನ ಬೆನ್ನು. ಚೂಪು ನೀರನ್ನು ಸೀಳುತ್ತದೆ, ಅಗಲದಲ್ಲಿ ಜನ ಕೂರುತ್ತಾರೆ ಎಂದು ಕೇಳಿದವರಿಗೂ ಕೇಳದವರಿಗೂ ವಿವರಿಸಿದ. ಕೊನೆಗೆ ದಪ್ಪಗೆ ಟಾರು ಬಳಿದ. ಚೌಡಪ್ಪ ಒಂದು ದಿನ ನೋಡಲು ಬಂದು, ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಗಂಭೀರವಾಗಿ ಕೇಳಿದ: "ಇಸ್ತ್ರಿ ಪೆಟ್ಟಿಗೆ ಮಾಡಿದ್ದೀರಲ್ಲ ಸ್ವಾಮಿ, ಹೊಳೇಲಿ ಸುಕ್ಕು ಜಾಸ್ತಿ ಆಗಿತ್ತಾ?"

ಅಂದಿನಿಂದ ಊರಿನವರ ಬಾಯಲ್ಲಿ ಅದಕ್ಕೆ ಇಸ್ತ್ರಿ ಪೆಟ್ಟಿಗೆ ಎಂದೇ ಹೆಸರಾಯಿತು.

ದೋಣಿ ನೀರಿಗಿಳಿಯುವ ದಿನ ತುಂಗಮ್ಮ ಗಂಗೆ ಪೂಜೆ ಮಾಡಿದಳು. ಮೂತಿಯ ಎರಡು ಕಡೆ ಸುಣ್ಣದಲ್ಲಿ ಕಣ್ಣು ಬರೆದು, ಅರಿಸಿನ ಕುಂಕುಮ ಹಚ್ಚಿ, ಹೂವು ಮುಡಿಸಿದಳು. ಆ ಕಡವಿನವರಲ್ಲಿ ಒಂದು ಪದ್ಧತಿ ಇತ್ತು. ಹೊಸ ದೋಣಿ ಮೊದಲ ಸಲ ಹೊಳೆಗೆ ಹೋಗುವಾಗ ಊರಿಗೆ ಬೆನ್ನು ಹಾಕಬಾರದು. ಮುಖ ಊರಿನ ಕಡೆ ಇಟ್ಟುಕೊಂಡು, ಹಿಮ್ಮುಖವಾಗಿ ನೀರಿಗಿಳಿದು, ನಡುಹೊಳೆಯ ಬಂಡೆಯವರೆಗೆ ಹಾಗೆಯೇ ಹೋಗಿ, ಅಲ್ಲಿ ಬಾಗಿನ ಬಿಟ್ಟ ಮೇಲೆ ತಿರುಗಬೇಕು. ಬೇಸಿಗೆಯ ಕೊನೆ; ನೀರು ಎದೆಮಟ್ಟ ಇತ್ತು. ಹಿಂಬದಿಗೆ ಹಗ್ಗ ಕಟ್ಟಿ ಓಂಕಾರಪ್ಪನೇ ಮುಂದೆ ನಡೆದು ಎಳೆದ. ಹೊಸ ದೋಣಿ, ಒಳಗೆ ತುಂಗಮ್ಮ, ಅವಳ ನಾದಿನಿ ಕಲ್ಲಮ್ಮ, ಪೂಜೆಯ ಸಾಮಾನು. ಆದರೂ ಕರುವಿನ ಹಾಗೆ ಸುಮ್ಮನೆ ಹಿಂದೆ ಬಂತು. ತನ್ನ ಕೆಲಸದ ಬಗ್ಗೆ ಅವನಿಗೆ ಹೆಮ್ಮೆಯಾಯಿತು.

ಬಂಡೆಯ ಹತ್ತಿರ ದೋಣಿಯನ್ನು ತಿರುಗಿಸಿ ಮೂತಿಗೆ ಹಗ್ಗ ಕಟ್ಟಿದರು. ಈಗ ಎಳೆದರೆ ಹಗ್ಗ ಬಿಗಿದು ಅಂಗೈಯನ್ನು ಒತ್ತಿತು. ನೀರು ಇಲ್ಲಿ ಸ್ವಲ್ಪ ಜೋರಿರಬೇಕು ಎಂದುಕೊಂಡ. ದಡಕ್ಕೆ ಬಂದ ಮೇಲೆ ಹೆಂಗಸರಿಬ್ಬರೂ ಹುಟ್ಟು ಹಿಡಿದು ಮೂತಿ ಮುಂದಾಗಿ ನಡೆಸಿ ನೋಡಿದರು. ದೋಣಿ ಹೋಯಿತು, ಆದರೆ ಕಷ್ಟಪಟ್ಟು ಹೋಯಿತು. ಮೂತಿ ನೀರನ್ನು ಚಂದವಾಗಿಯೇ ಸೀಳುತ್ತಿತ್ತು. ದುಂಡು ಬೆನ್ನಿನ ಹಿಂದೆ ಮಾತ್ರ ನೀರು ಸುಳಿಸುಳಿಯಾಗಿ ಕುದಿಯುತ್ತ, ದೋಣಿಗೇ ಅಂಟಿಕೊಂಡು ಬರುತ್ತಿತ್ತು. ಮಳೆಗಾಲದ ಸೆಳವಿಗೆ ಇದು ಸಾಲದೆಂದು ದಡದಲ್ಲಿ ನಿಂತವರಿಗೂ ಗೊತ್ತಾಯಿತು.

"ಯಾರೋ ಹಿಂದಿನಿಂದ ಸೆರಗು ಹಿಡಿದು ಜಗ್ಗಿದ ಹಾಗಾಗ್ತದೆ" ಎಂದಳು ತುಂಗಮ್ಮ. ಬೈದಿದ್ದರೆ ಅವನಿಗೆ ಅಷ್ಟು ನಾಟುತ್ತಿರಲಿಲ್ಲ.

ಹಾಗೆಂದು ಓಂಕಾರಪ್ಪ ತಲೆಯ ಮೇಲೆ ಕೈ ಹೊತ್ತು ಕೂರಲಿಲ್ಲ. ಮಾಡಿದ ಅಚ್ಚು ಕೆಟ್ಟರೆ ಎಲ್ಲಿ ಕೆಟ್ಟಿತೆಂದು ಹುಡುಕುವುದೇ ಅವನ ಕಸುಬು. ಅಂಗೈಗೆ ನೆನಪಿದ್ದ ಒಂದು ಸಂಗತಿ ಅವನನ್ನು ಕಾಡುತ್ತಿತ್ತು: ಹಿಮ್ಮುಖವಾಗಿ ಬಂದಾಗ ಅದು ಹಗುರವಾಗಿತ್ತು. ಆ ಭಾನುವಾರ ಅವನು ಶಿವಮೊಗ್ಗದ ರೈಲು ಹತ್ತಿ, ಸವಳಂಗ ರಸ್ತೆಯಲ್ಲಿ ಮನೆ ಮಾಡಿಕೊಂಡಿದ್ದ ಜಂಬಣ್ಣ ಮೇಷ್ಟ್ರ ಬಾಗಿಲು ತಟ್ಟಿದ.

ಜಂಬಣ್ಣ ಭದ್ರಾವತಿಯ ಸಂಜೆ ತರಗತಿಯಲ್ಲಿ ಅವನಿಗೆ ಯಂತ್ರಗಳ ಪಾಠ ಹೇಳಿದವರು. ಎರಡನೇ ಮಹಾಯುದ್ಧದ ಕಾಲದಲ್ಲಿ ಬೊಂಬಾಯಿಯ ಹಡಗುಕಟ್ಟೆಯಲ್ಲಿ ಫಿಟ್ಟರ್ ಆಗಿದ್ದರು. ಹಡಗಿನ ಮಾತು ಬಂದರೆ ಊಟ ಮರೆಯುವ ಮನುಷ್ಯ. ನಡೆದದ್ದನ್ನೆಲ್ಲ ಕೇಳಿಸಿಕೊಂಡು, ಅವರು ಬೇರೆಲ್ಲಿಂದಲೋ ಶುರು ಮಾಡಿದರು. ಹಡಗು ನೀರಿನ ಮೇಲೆ ಹೋಗುವಾಗ ಅದರ ಎಂಜಿನ್ನಿನ ಶಕ್ತಿ ಮೂರು ಕಡೆ ಸೋರುತ್ತದಂತೆ. ಒಂದು, ಮೈಗೆ ನೀರು ಉಜ್ಜುವುದು; ತಳದಲ್ಲಿ ಪಾಚಿ, ಚಿಪ್ಪು ಬೆಳೆದರೆ ಅದು ಇನ್ನೂ ಜಾಸ್ತಿ. ಎರಡು, ಅಲೆ ಎಬ್ಬಿಸುವುದು. ವೇಗ ಏರಿದ ಹಾಗೆ ಹಡಗು ತಾನೇ ಎಬ್ಬಿಸಿದ ಅಲೆಯ ಗುಡ್ಡವನ್ನು ತಾನೇ ಹತ್ತಬೇಕಾಗುತ್ತದೆ. ಮೂರನೆಯದು ಹಿಂದೆ ಏಳುವ ಸುಳಿ. ಜಲಾಂತರ್ಗಾಮಿಗೆ ಆಳದಲ್ಲಿ ಅಲೆಯ ಕಾಟವಿಲ್ಲ, ಉಳಿದೆರಡು ಇವೆ. ಅವರು ಬೊಂಬಾಯಿಯಲ್ಲಿ ನೋಡಿದ ಜಲಾಂತರ್ಗಾಮಿಗಳಿಗೆ ದೋಣಿಯಂಥ ಚೂಪು ಮೂತಿ, ಮೈಮೇಲೆ ಫಿರಂಗಿ, ಕಂಬಿ, ಏಣಿ. ಮುಳುಗಿದರೆ ಬ್ಯಾಟರಿಯ ಮೇಲೆ ಓಡಬೇಕು. ಸಾಲದ್ದಕ್ಕೆ ಆ ಸಾಮಾನುಗಳೆಲ್ಲ ನೀರನ್ನು ತಡೆದು, ಮೇಲಿದ್ದಾಗಿನ ವೇಗದಲ್ಲಿ ಅರ್ಧವೂ ಉಳಿಯುತ್ತಿರಲಿಲ್ಲ. ಈಗ ಅಮೆರಿಕದವರು ಮೈಯನ್ನು ಬೋಳು ಮಾಡಿ ಮೂತಿಯನ್ನು ದುಂಡು ಮಾಡಿದ್ದಾರೆಂದು ಪತ್ರಿಕೆಯಲ್ಲಿ ಓದಿದ್ದರು. ಅದು ಮೇಲಿಗಿಂತ ನೀರಿನ ಒಳಗೇ ಜೋರಾಗಿ ಹೋಗುತ್ತದಂತೆ.

"ಮೂತಿ ದುಂಡು ಮಾಡಿದ್ರೆ ಹೇಗೆ ಸರ್ ಜೋರಾಗಿ ಹೋಗತ್ತೆ?" ಎಂದ ಓಂಕಾರಪ್ಪ.

"ಅದು ನಂಗೂ ಪೂರ್ತಿ ಹತ್ತಿಲ್ಲ ಕಣಯ್ಯ. ಬಾ, ನೋಡೇಬಿಡಾಣ."

ಓಂಕಾರಪ್ಪ ಬುದ್ಧಿವಂತಿಕೆಯಿಂದ ದೋಣಿಯದೇ ಆಕಾರದ ಎರಡು ಮರದ ತುಂಡುಗಳನ್ನು ಕೆತ್ತಿ ಜೇಬಿನಲ್ಲಿ ತಂದಿದ್ದ. ಎರಡೂ ಒಂದೇ ಅಳತೆ, ಒಂದೇ ತೂಕ. ಇಬ್ಬರೂ ಊರಾಚೆಯ ತುಂಗಾ ಚಾನಲ್ಲಿಗೆ ನಡೆದರು. ಒಂದು ಕೋಲಿನ ಎರಡು ತುದಿಗೆ ಸಮನಾದ ದಾರದಲ್ಲಿ ಒಂದೊಂದು ತುಂಡನ್ನು ಕಟ್ಟಿದರು, ಒಂದು ಚೂಪು ಮುಂದಾಗಿ, ಇನ್ನೊಂದು ದುಂಡು ಮುಂದಾಗಿ. ಕೋಲಿನ ನಡುವಿಗೆ ಹುರಿ ಕಟ್ಟಿ ಹರಿಯುವ ನೀರಿನಲ್ಲಿ ಹಿಡಿದರು. ತಕ್ಕಡಿ ಮಲಗಿಸಿದ ಹಾಗೆ; ಯಾವುದನ್ನು ನೀರು ಹೆಚ್ಚು ತಳ್ಳುತ್ತದೋ ಆ ತುದಿ ಹಿಂದೆ ಸರಿಯಬೇಕು.

ದಡದಲ್ಲಿ ಎಮ್ಮೆ ತೊಳೆಯುತ್ತಿದ್ದವನೊಬ್ಬ ಇವರ ಹಣೆಯ ವಿಭೂತಿಯನ್ನೂ ಕೈಯಲ್ಲಿದ್ದ ದಾರವನ್ನೂ ನೋಡಿ, ಮೀನು ಏನಾದರೂ ಬಿತ್ತಾ ಎಂದು ಬಹಳ ಮರ್ಯಾದೆಯಿಂದ ವಿಚಾರಿಸಿದ.

ಕೋಲು ತಿರುಗಿತು. ಹಿಂದೆ ಸರಿದದ್ದು ಚೂಪು ಮುಂದಿದ್ದ ತುಂಡು. ನೀರು ಒಂದು ಪಕ್ಕ ಜೋರಿರಬಹುದೆಂದು ಎಡಬಲ ಬದಲಿಸಿದರು, ಆಗಲೂ ಅದೇ. ಮೊಳೆ ಹೊಡೆದು ಭಾರ ಮಾಡಿ ಪೂರ್ತಿ ಮುಳುಗಿಸಿದರೆ ಕೋಲು ಇನ್ನೂ ಚೆನ್ನಾಗಿ ತಿರುಗಿತು. ಓಂಕಾರಪ್ಪ ಅಲ್ಲೇ ಕುಕ್ಕುರುಗಾಲಿನಲ್ಲಿ ಕೂತು ಬಹಳ ಹೊತ್ತು ನೀರನ್ನು ನೋಡಿದ. ದುಂಡು ಮುಂದಿದ್ದ ತುಂಡಿನ ಎರಡು ಬದಿಯಿಂದ ನೀರು ಜಾರಿ ಬಂದು, ಸಣ್ಣ ಬಾಲದ ಹತ್ತಿರ ಸದ್ದಿಲ್ಲದೆ ಕೂಡಿಕೊಳ್ಳುತ್ತಿತ್ತು. ಇನ್ನೊಂದರ ಹಿಂದೆ ಕೂಡಲು ದಾರಿ ಸಿಗದೆ ಗಿರಗಿರನೆ ತಿರುಗುತ್ತಿತ್ತು.

ಅವನಿಗೆ ತನ್ನ ತಪ್ಪು ಹೊಳೆಯಿತು. ಮರಳಿಗೆ ಹಿಂದಿನ ಯೋಚನೆ ಇಲ್ಲ. ಒತ್ತಿದಾಗ ಬಿಟ್ಟುಕೊಟ್ಟ ಜಾಗವನ್ನು ಅದು ಹಾಗೆಯೇ ಬಿಟ್ಟಿರುತ್ತದೆ. ನೀರು ಹಾಗಲ್ಲ, ಬಿಟ್ಟುಕೊಟ್ಟ ಜಾಗಕ್ಕೆ ಅದು ತಿರುಗಿ ಬಂದೇ ಬರುತ್ತದೆ. ಬರಲು ಅದಕ್ಕೆ ಇಳಿಜಾರಾದ ದಾರಿ ಬೇಕು. ಅವನು ಹೊಳೆಗೆ ಮರಳಿನ ದೋಣಿ ಮಾಡಿದ್ದ. ನಾಚಿಕೆಯಾಗುವ ಬದಲು ಅವನಿಗೆ ಖುಷಿಯಾಯಿತು. ದೋಣಿ ಕೆಟ್ಟಿರಲಿಲ್ಲ, ತಿರುಗಿಸಿದರೆ ಸಾಕು.

ತುಂಗಮ್ಮ ಒಪ್ಪಲಿಲ್ಲ. ಅವಳು ಹಿತ್ತಿಲಲ್ಲಿ ಈಳಿಗೆಮಣೆಯ ಮುಂದೆ ಕೂತು ಮೀನು ಹೆಚ್ಚಲು ತೊಡಗಿದ್ದಳು. ಓಂಕಾರಪ್ಪ ನಿಂತೇ ಎಲ್ಲವನ್ನೂ ಹೇಳಿದ. ಅವಳು ತಲೆಯೆತ್ತದೆ ಕೇಳಿಸಿಕೊಂಡಳು.

"ಕಣ್ಣು ಬರೆದು ಅರಿಸಿನ ಹಚ್ಚಿದ್ದು ಮುಖಕ್ಕೆ. ಅದನ್ನ ಈಗ ಹಿಂಭಾಗ ಮಾಡು ಅಂದ್ರೆ ಹೇಗೆ? ಬೆನ್ನು ಮುಂದೆ ಮಾಡ್ಕೊಂಡು ಯಾರಾದ್ರೂ ಗಂಗಮ್ಮನ ಹತ್ರ ಹೋಗ್ತಾರಾ?"

ಇದಕ್ಕೆ ಜಂಬಣ್ಣ ಮೇಷ್ಟ್ರು ಪಾಠ ಹೇಳಿರಲಿಲ್ಲ. ಓಂಕಾರಪ್ಪನ ಕಣ್ಣು ಅವಳ ಕೈಯಲ್ಲಿದ್ದ ಮೀನಿನ ಮೇಲೆ ನಿಂತಿತು. ಹೊಳೆಯ ದಡದಲ್ಲೇ ಹುಟ್ಟಿ ಬೆಳೆದವನು. ಆದರೆ ಅವನ ಮನೆಯಲ್ಲಿ ಮೀನಿನ ಹೆಸರನ್ನೂ ಎತ್ತುವಂತಿರಲಿಲ್ಲ. ಮೀನು ಬಂದ ಕಡೆ ಮುಖ ತಿರುಗಿಸಿಕೊಂಡು ಹೋಗುವುದನ್ನು ಅವನಿಗೆ ತೊಟ್ಟಿಲಿನಿಂದಲೇ ಕಲಿಸಿದ್ದರು. ಹಾಗಾಗಿ ನಲವತ್ತು ವರ್ಷದಲ್ಲಿ ಒಂದು ಮೀನನ್ನೂ ಅವನು ನೆಟ್ಟ ದೃಷ್ಟಿಯಿಂದ ನೋಡಿರಲಿಲ್ಲ.

"ತುಂಗಕ್ಕ, ಅದನ್ನ ಒಂದು ಸಲ ಕೊಡಿ ಇಲ್ಲಿ."

ಅವಳು ಕೆಳಗಿನಿಂದ ಮೇಲಿನವರೆಗೆ ಅವನನ್ನು ನೋಡಿದಳು. "ಹಿಡೀರಿ. ನಾನು ಯಾರಿಗೂ ಹೇಳಲ್ಲ."

ಅಂಗೈ ಮೇಲಿಟ್ಟುಕೊಂಡು ಅವನು ಅಚ್ಚು ಪರೀಕ್ಷೆ ಮಾಡುವವನ ಹಾಗೆ ಹೆಬ್ಬೆರಳನ್ನು ಜಾರಿಸಿದ. ತಲೆ ಮೊಂಡು. ತಲೆ ದಾಟಿದ ಮೇಲೆ ಹೊಟ್ಟೆ ದಪ್ಪ. ಅಲ್ಲಿಂದ ಬಾಲದವರೆಗೆ ಉದ್ದಕ್ಕೂ ಸಣ್ಣಗಾಗುತ್ತ ಹೋಗುವ ಮೈ.

"ಇದು ಯಾವ ಕಡೆಗೆ ಹೋಗತ್ತೆ?"

ತುಂಗಮ್ಮನಿಗೆ ಅವನ ಮೇಲೆ ನಿಜವಾಗಿ ಮರುಕ ಬಂತು. "ತಲೆ ಇರೋ ಕಡೆಗೆ ಓಂಕಾರಪ್ಪೋರೆ. ಎಲ್ಲಾ ಪ್ರಾಣೀನೂ ಹಾಗೇ."

ಸಾವಿರಾರು ಮೀನು ಹೆಚ್ಚಿದ ಕೈ ಅವಳದು. ಮೀನನ್ನು ದೋಣಿಯೆಂದು ಅವಳೂ ನೋಡಿರಲಿಲ್ಲ. ಬೇಲಿಯ ಆಚೆ ದಡದಲ್ಲಿ ಎಳೆದಿಟ್ಟಿದ್ದ ದೋಣಿಯನ್ನೂ ಅವನ ಕೈಯಲ್ಲಿದ್ದ ಮೀನನ್ನೂ ಎರಡು ಸಲ ನೋಡಿದಳು. ಆಮೇಲೆ ಮೀನನ್ನು ಕಿತ್ತುಕೊಂಡು ಮಣೆಯ ಮೇಲಿಟ್ಟಳು.

"ಮೊದಲನೇ ದಿನ ಅದು ಊರು ನೋಡ್ಕೊಂಡೇ ಹೊಳೆಗೆ ಹೋಯ್ತು. ಗಂಗಮ್ಮ ಬೇಡ ಅನ್ನಲಿಲ್ಲ. ಹಾಗಿದ್ರೆ ಯಾವಾಗ್ಲೂ ಹಾಗೇ ಹೋಗ್ಲಿ. ಆದ್ರೆ ಕಣ್ಣು ಅಳಿಸ್ಬೇಡಿ."

ಮನೆಯಲ್ಲಿ ಹೆಂಡತಿ ಜಗದಾಂಬಾಗೆ ವಾಸನೆಯೇ ಎಲ್ಲವನ್ನೂ ಹೇಳಿತು. ಅವಳು ಜಗಲಿಯ ಹೊರಗೇ ಅವನನ್ನು ನಿಲ್ಲಿಸಿ, ಹಂಡೆಯ ನೀರು ತಂದು ಇಟ್ಟು, ದೋಣಿ ಸರಿಹೋಯಿತಾ ಎಂದಷ್ಟೇ ಕೇಳಿದಳು. ಹೋಗುತ್ತದೆ ಎಂದ. ಹಾಗಾದರೆ ಎರಡು ಸಲ ಮೈ ಉಜ್ಜಿಕೊಳ್ಳಿ ಎಂದು ಸೀಗೆಪುಡಿ ಕೊಟ್ಟು ಒಳಗೆ ಹೋದಳು.

ಮುಂದಿನ ಕೆಲಸದಲ್ಲಿ ಅವನ ಕೈ ತಡವರಿಸಲಿಲ್ಲ. ಕೂರುವ ಹಲಗೆಗಳನ್ನೂ ಹುಟ್ಟು ಕಟ್ಟುವ ಗೂಟಗಳನ್ನೂ ಕಿತ್ತು ತಿರುಗಿಸಿ ಕೂರಿಸಿದ. ಮೈಗೆ ನೀರು ಉಜ್ಜುವುದೂ ಒಂದು ತಡೆ ಎಂದು ಮೇಷ್ಟ್ರು ಹೇಳಿದ್ದು ನೆನಪಿತ್ತು. ಗಂಟುಗಂಟಾಗಿದ್ದ ಟಾರನ್ನೆಲ್ಲ ಹೆರೆದು, ಎದ್ದಿದ್ದ ಮೊಳೆತಲೆಗಳನ್ನು ಒಳಗೆ ಇಳಿಸಿ, ಪ್ಯಾಟರ್ನ್ ಶಾಪಿನಲ್ಲಿ ಉಜ್ಜುವ ಹಾಗೆ ಮರಳುಕಾಗದದಿಂದ ಉಜ್ಜಿ ಗೇರೆಣ್ಣೆ ಹಚ್ಚಿದ. ಸುಣ್ಣದ ಕಣ್ಣುಗಳ ಮೇಲೆ ಮಾತ್ರ ಕೈ ಹಾಕಲಿಲ್ಲ.

ಆಷಾಢದಲ್ಲಿ ಭದ್ರೆ ಕೆಂಪಾಗಿ ಉಬ್ಬಿದಳು. ಪಂಚಾಯಿತಿ ಗೊತ್ತು ಮಾಡಿದ ದಿನ ಬೆಳಕು ಹರಿಯುವ ಮುಂಚೆ ಊರಿನ ಗಂಡಸರೆಲ್ಲ ಕಂಬಳಿ ಹೊದ್ದು ಕಡವಿಗೆ ಬಂದರು. ಮುರುಗೇಶಪ್ಪನವರು ಜನವನ್ನು ಸಮನಾಗಿ ಎರಡು ದೋಣಿಗೆ ಹಂಚಿದರು. ಚೌಡಪ್ಪನ ದೋಣಿಯಲ್ಲಿ ನಾಲ್ಕು ಹುಟ್ಟು. ಇಸ್ತ್ರಿ ಪೆಟ್ಟಿಗೆಯಲ್ಲಿ ತುಂಗಮ್ಮ, ಕಲ್ಲಮ್ಮ, ಎರಡು ಹುಟ್ಟು. ಅದರ ಮುಖ ಊರಿನ ಕಡೆ ಇರುವುದನ್ನು ಕಂಡು ಚೌಡಪ್ಪನ ಆಳುಗಳು, ಅದಕ್ಕೆ ಮನೆ ಬಿಟ್ಟು ಹೋಗಲು ಮನಸ್ಸಿಲ್ಲವೆಂದು ನಕ್ಕರು. ಓಂಕಾರಪ್ಪ ಊಟದ ಡಬ್ಬಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ನೆಮ್ಮದಿಯಾಗಿ ಕೂತ. ಅವನಿಗೆ ಅನುಮಾನವೇ ಇರಲಿಲ್ಲ.

ಎರಡು ದೋಣಿಗಳೂ ದಡದ ಮಗ್ಗುಲಲ್ಲೇ ಮೇಲಕ್ಕೆ ಸಾಗಿ, ಅಲ್ಲಿಂದ ಓರೆಯಾಗಿ ಹೊಳೆಗೆ ಬಿದ್ದವು. ಸೆಳವು ತಾಗಿದಾಗ ಚೌಡಪ್ಪನ ದೋಣಿಯ ಚಪ್ಪಟೆ ಮೂತಿ ನೀರನ್ನು ಗುಡ್ಡೆ ಹಾಕಿಕೊಂಡು ತಳ್ಳುತ್ತಿತ್ತು. ನಾಲ್ಕು ಜನರ ಕೂಗು ಹೊಳೆಯ ಸದ್ದನ್ನೂ ಮೀರಿಸಿತು. ತುಂಗಮ್ಮ ಕೂಗಲಿಲ್ಲ. ಒಂದೇ ಹದದಲ್ಲಿ ಹುಟ್ಟು ಹಾಕುತ್ತಿದ್ದಳು, ಕಲ್ಲಮ್ಮ ಅವಳ ಬೆನ್ನು ನೋಡಿ ಹದ ಹಿಡಿಯುತ್ತಿದ್ದಳು. ಓಂಕಾರಪ್ಪ ಮುಂದೆ ನೋಡಲೇ ಇಲ್ಲ. ತಿರುಗಿ ಕೂತು ಹಿಂದಿನ ನೀರನ್ನೇ ನೋಡಿದ. ಸುಣ್ಣದ ಕಣ್ಣುಗಳ ಕೆಳಗೆ, ಚೂಪು ತುದಿಯ ಎರಡು ಬದಿಯಿಂದ ಕೆಂಪು ನೀರು ಬಂದು, ಹೊಲಿಗೆ ಹಾಕಿದ ಹಾಗೆ ಕೂಡಿಕೊಳ್ಳುತ್ತಿತ್ತು. ಸುಳಿ ಇರಲಿಲ್ಲ.

"ಸೆರಗು ಬಿಟ್ಟಿದ್ದಾರಾ ತುಂಗಕ್ಕ?"

"ಬಿಟ್ಟಿದ್ದಾರೆ. ನೀವು ಮಾತಾಡಿ ಭಾರ ಮಾಡ್ಬೇಡಿ."

ದೋಣಿಯ ದುಂಡು ಬೆನ್ನು ಆಚೆ ದಡದ ಕೆಸರಿಗೆ ತಾಗಿತು. ಜನ ಇಳಿದು, ಪಂಚೆ ಇಳಿಬಿಟ್ಟು, ಕೆಲವರು ಬೀಡಿ ಹಚ್ಚಿದ ಮೇಲೆ ಕಾರ್ಖಾನೆಯ ಮೊದಲನೇ ಕೂಗು ಕೇಳಿಸಿತು. ಚೌಡಪ್ಪನ ದೋಣಿ ಆಗಿನ್ನೂ ನಡುಹೊಳೆ ದಾಟಿ ಕೆಳಮುಖವಾಗಿ ಜಾರುತ್ತಿತ್ತು. ಊರಿನ ದಡದಲ್ಲಿ ನಿಂತಿದ್ದ ಮುರುಗೇಶಪ್ಪನವರು ಹೆಗಲಿನ ವಸ್ತ್ರವನ್ನು ತೆಗೆದು ಒಂದು ಸಲ ಬೀಸಿದರು. ಕಡವು ತುಂಗಮ್ಮನದೇ ಎಂದು ಅದರ ಅರ್ಥ.

ಅವಳು ಹುಟ್ಟನ್ನು ಒಳಗಿಟ್ಟು, ನೀರಿಗೆ ಕೈ ಮುಗಿದು, ದೋಣಿಯ ಕಣ್ಣಿನ ಮೇಲೆ ಹಾರಿದ್ದ ಕೆಸರನ್ನು ಸೆರಗಿನಿಂದ ಒರೆಸಿದಳು. ಚೌಡಪ್ಪ ದಡ ಸೇರಿದವನು ಮೊದಲು ಓಂಕಾರಪ್ಪನ ಹತ್ತಿರವೇ ಬಂದ. "ಇಸ್ತ್ರಿ ಪೆಟ್ಟಿಗೇನ ಹಿಂದಿನಿಂದ ಉಜ್ಜಿದ್ರಲ್ಲ ಮಾರಾಯ್ರೆ" ಎಂದು ನಗಲು ನೋಡಿ, ಆಮೇಲೆ ದನಿ ತಗ್ಗಿಸಿ, ಬಿಡುವಾದಾಗ ತನ್ನ ದೋಣಿಯನ್ನೂ ಒಮ್ಮೆ ನೋಡಬೇಕೆಂದು ಕೇಳಿಕೊಂಡ. ಓಂಕಾರಪ್ಪ ಒಪ್ಪಿದ, ಆದರೆ ಅದು ಮೇಲಿನ ಕಡವಿನಲ್ಲೇ ಇರಬೇಕೆಂದು ಹೇಳಿ ಡಬ್ಬಿ ಹಿಡಿದು ಭದ್ರಾವತಿಯ ದಾರಿ ಹಿಡಿದ.

ಇಷ್ಟು ನನಗೆ ತಿಳಿದದ್ದು. ತಿಳಿಯದೆ ಉಳಿದದ್ದನ್ನೂ ಹೇಳಿಬಿಡಬೇಕು. ಅದೇ ನೀರಿನಲ್ಲಿ, ಅದೇ ಜನರನ್ನು ಹೊತ್ತು, ದೋಣಿ ಚೂಪು ಮುಂದಾಗಿ ಹೋಗಿದ್ದರೆ ಎಷ್ಟು ಹೊತ್ತು ಹಿಡಿಯುತ್ತಿತ್ತೆಂದು ಯಾರೂ ನೋಡಲಿಲ್ಲ. ಜಂಬಣ್ಣ ಮೇಷ್ಟ್ರು ಒಂದು ಸಲ ಹಾಗೆ ನಡೆಸಿ ನೋಡಿ ಎಂದು ಕಾಗದ ಬರೆದಿದ್ದರು, ತುಂಗಮ್ಮ ಬಿಡಲಿಲ್ಲ. ಅದಕ್ಕೆ, ಆ ಬೆಳಗ್ಗೆ ಗೆದ್ದದ್ದರಲ್ಲಿ ದೋಣಿಯ ಬಾಲದ ಪಾಲೆಷ್ಟು, ಗೇರೆಣ್ಣೆಯ ನುಣುಪಿನ ಪಾಲೆಷ್ಟು, ಇಬ್ಬರು ಹೆಂಗಸರ ತೋಳಿನ ಪಾಲೆಷ್ಟು ಎಂಬುದು ನನಗೆ ಗೊತ್ತಿಲ್ಲ.